ಕೊಸರಿನ ಲೆಕ್ಕ

ಸಂತೆಯಲ್ಲಿ ತರಕಾರಿ ಕೊಂಡ ಗೃಹಿಣಿ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತುದನ್ನು ಕಣ್ಣಾರೆ ಕಂಡ ಮೇಲೂ ಚೀಲದ ಬಾಯಿ ಮುಚ್ಚುವುದಿಲ್ಲ. ಇನ್ನೊಂದು ಬದನೆಕಾಯಿಯೋ, ನಾಲ್ಕು ಎಸಳು ಕೊತ್ತಂಬರಿಯೋ ಬೀಳಲೆಂದು ಕಾಯುತ್ತಾಳೆ. ಬೀಳುತ್ತದೆ. ಹೂವಿನವಳು ಮೊಳ ಹಾಕಿ ಮುಗಿಸಿದ ಮೇಲೆ ನಾಲ್ಕು ಬೆರಳಿನಷ್ಟು ಹೆಚ್ಚಿಗೆ ಬಿಟ್ಟು ದಾರ ಕತ್ತರಿಸುತ್ತಾಳೆ. ಹಾಲಿನವನು ಅಳತೆಯ ಮೇಲೆ ಒಂದು ಗುಟುಕು ಸುರಿಯುತ್ತಾನೆ. ಇದಕ್ಕೆ ಕನ್ನಡಿಗರು ಇಟ್ಟ ಹೆಸರು ಕೊಸರು. ಅದಕ್ಕೆ ಬೆಲೆ ಕಟ್ಟಿದವರಿಲ್ಲ. ಆದರೆ ಕೊಸರು ಕೊಡದ ಅಂಗಡಿಗೆ ಎರಡನೆಯ ಸಲ ಹೋದವರೂ ಕಡಿಮೆ.

ಕೊಸರಿನ ಸೊಗಸೆಂದರೆ ಅದು ವ್ಯಾಪಾರ ಮುಗಿದ ಮೇಲೆ ಬರುವುದು. ಈಗ ಪೇಟೆ ಪೇಟೆಗಳಲ್ಲಿ ಕಾಣಸಿಗುವುದು ಇನ್ನೊಂದು ಬಗೆ. ಅಲ್ಲಿ ಕೊಸರು ಮೊದಲು, ವ್ಯಾಪಾರ ಆಮೇಲೆ. ಕನ್ನಡಕದ ಅಂಗಡಿಯಲ್ಲಿ ಕಣ್ಣಿನ ಪರೀಕ್ಷೆ ಉಚಿತ. ಸಂಗೀತದ ಮೇಷ್ಟರಲ್ಲಿ ಮೊದಲ ವಾರದ ಪಾಠ ಉಚಿತ. ಹೊಸದಾಗಿ ಬಾಗಿಲು ತೆರೆದ ರಿಪೇರಿ ಅಂಗಡಿಯಲ್ಲಿ ಮಿಕ್ಸಿಯ ತಪಾಸಣೆ ಉಚಿತ. ಬೋರ್ಡಿನ ಮೇಲೆ ಉಳಿದೆಲ್ಲ ಅಕ್ಷರಗಳು ಸಣ್ಣವು, ‘ಉಚಿತ’ ಎಂಬ ಮೂರು ಅಕ್ಷರ ಮಾತ್ರ ಕುಂಬಳಕಾಯಿಯಷ್ಟು. ಹೊಸಬನಿಗೆ ಬೇರೆ ದಾರಿಯಾದರೂ ಏನಿದೆ? ಅವನ ಕೈಗುಣ ಯಾರಿಗೂ ಗೊತ್ತಿಲ್ಲ. ಹಳಬನ ಅಂಗಡಿ ಎದುರಿಗೇ ಇದೆ. ಪತ್ರಿಕೆಯಲ್ಲಿ ಜಾಹೀರಾತು ಹಾಕುವಷ್ಟು ಬಂಡವಾಳವಿಲ್ಲ. ಇರುವುದು ಎರಡು ಕೈ ಮತ್ತು ಬೇಕಾದಷ್ಟು ಬಿಡುವು. ಆ ಬಿಡುವನ್ನೇ ಬಿತ್ತಿ ಬೆಳೆ ತೆಗೆಯಲು ಹೊರಡುತ್ತಾನೆ.

ಬೆಳೆ ಬರುತ್ತದೆಯೆ? ಜನ ಸೇರುವುದು ಬೇರೆ, ಗಿರಾಕಿ ಕುದುರುವುದು ಬೇರೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಂಥ ಗದ್ದಲದಲ್ಲಿ ಈ ವ್ಯತ್ಯಾಸವನ್ನು ಕಣ್ಣಿಗೆ ಕಟ್ಟುವಂತೆ ನೋಡಬಹುದು. ಮಾತಿನ ಮಲ್ಲನೊಬ್ಬ ಇಸ್ಪೀಟಿನ ಎಲೆ ಮಾಯ ಮಾಡುತ್ತಾನೆ. ಐವತ್ತು ಜನ ಸುತ್ತ ನಿಲ್ಲುತ್ತಾರೆ. ಅವನು ಚೀಲದಿಂದ ನೋವಿನೆಣ್ಣೆಯ ಸೀಸೆ ತೆಗೆದೊಡನೆ ನಲವತ್ತೈದು ಜನಕ್ಕೆ ಬೇರೆ ಕಡೆ ಕೆಲಸವಿರುವುದು ನೆನಪಾಗುತ್ತದೆ. ಪುಕ್ಕಟೆಯ ಆಟಕ್ಕೂ ಎಣ್ಣೆಯ ಸೀಸೆಗೂ ಸಂಬಂಧವೇ ಇಲ್ಲವೆಂಬುದು ನೋಡುವವರಿಗೆ ಗೊತ್ತು. ಪಕ್ಕದ ಮಳಿಗೆಯಲ್ಲಿ ಹಲ್ವದ ಚೂರೊಂದನ್ನು ಅಂಗೈ ಮೇಲೆ ಇಟ್ಟು ಸುಮ್ಮನೆ ನಿಲ್ಲುವವನ ಬಳಿ ಇಷ್ಟು ಗುಂಪಿಲ್ಲ. ಆದರೆ ನಾಲಗೆಗೆ ಹತ್ತಿದ್ದು ಮಾರುವ ಸರಕೇ ಆದುದರಿಂದ, ತಿಂದವರಲ್ಲಿ ಅನೇಕರು ಕಾಲು ಕಿಲೋ ಕಟ್ಟಿಸಿಕೊಳ್ಳುತ್ತಾರೆ.

ಮನೆಗೊಂದು ಗುಡ್ಡ

ಪೇಟೆಯ ಮಾತು ಇಷ್ಟಾಯಿತು. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಈ ಪ್ರಶ್ನೆಯ ರೂಪವೇ ಬೇರೆ. ಸಿದ್ದಾಪುರ ತಾಲೂಕಿನ ದೊಡ್ಮನೆಯನ್ನು ನೋಡಬಹುದು. 1983ರಿಂದ 1988ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು ಹುಟ್ಟಿದ ಊರೆಂದು ಹೊರಗಿನವರು ಇದನ್ನು ಬಲ್ಲರು. ಸಿದ್ದಾಪುರದಿಂದ ಕುಮಟೆಗೆ ಇಳಿಯುವ ಪ್ರಯಾಣಿಕರು ಅದರ ಹೆಸರಿನ ಘಟ್ಟದಿಂದ ಬಲ್ಲರು. ಈ ಸೀಮೆಯಲ್ಲಿ ಊರೆಂದರೆ ಸಾಲುಮನೆಗಳ ಬೀದಿಯಲ್ಲ. ಕಣಿವೆಯ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಮುಂದಿನ ಮನೆಗೆ ಇನ್ನೊಂದು ಗುಡ್ಡ ಹತ್ತಿ ಇಳಿಯಬೇಕು. ಅಂಗಡಿ ತೆರೆದು ಬೋರ್ಡು ತೂಗಿದರೆ ಓದುವವರು ಯಾರು? ಬಸ್ಸಿನಿಂದ ಇಳಿದ ನಾಲ್ವರು ಮತ್ತು ಮರದ ಮೇಲಿನ ಮಂಗ. ಇಲ್ಲಿ ಗಿರಾಕಿ ಅಂಗಡಿಗೆ ಬರುವುದಕ್ಕಿಂತ ಅಂಗಡಿ ಗಿರಾಕಿಯ ಮನೆಗೆ ಹೋಗುವುದೇ ಹೆಚ್ಚು.

ಹೋದವನಿಗೆ ಎದುರಾಗುವುದೂ ಒಂದು ಉಚಿತವೇ. ಅಂಗಳಕ್ಕೆ ಕಾಲಿಟ್ಟವನು ಯಾರೆಂದು ಕೇಳುವ ಮೊದಲೇ ನೀರು, ಬೆಲ್ಲ. ಆಮೇಲೆ ಜೀರಿಗೆ-ಕೊತ್ತಂಬರಿಯ ಕಷಾಯವೋ ಚಹವೋ. ಕೊನೆಗೆ ಕವಳದ ತಟ್ಟೆ. ಊಟದ ಹೊತ್ತಾದರೆ ಎಲೆ ಹಾಕದೆ ಕಳುಹಿಸುವುದಿಲ್ಲ. ನೆರೆಮನೆಯಿಂದ ಪಾಯಸ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸದ ನಾಡು ಇದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬಂದು, ಆ ಋಣವನ್ನು ದುಡಿತದಲ್ಲೇ ತೀರಿಸುವ ಮುಯ್ಯಾಳಿನ ಪದ್ಧತಿ ಮಲೆನಾಡಿಗೆ ಹೊಸದಲ್ಲ. ಹೀಗೆ ಕೊಡು-ಕೊಳ್ಳುವುದು ರೂಢಿಯಾದಲ್ಲಿ ಯಾವುದೂ ನಿಜವಾಗಿ ಪುಕ್ಕಟೆಯಲ್ಲ. ಲೆಕ್ಕ ಬರೆದಿಲ್ಲ, ಅಷ್ಟೆ. ಅಂಥ ಊರಿನಲ್ಲಿ ವ್ಯಾಪಾರಿಯೊಬ್ಬ ‘ಇದು ಉಚಿತ’ ಎಂದರೆ ಕೇಳುವವರ ಮನಸ್ಸಿನಲ್ಲಿ ಮೊದಲು ಏಳುವುದು ಸಂತೋಷವಲ್ಲ, ಅನುಮಾನ. ಮುಂದೆ ಏನು ಕೇಳುವನೋ!

ಆ ಅನುಮಾನಕ್ಕೆ ಆಧಾರವೂ ಇತ್ತು. ಅಡಿಕೆಯ ಚರಿತ್ರೆಯೇ ಅದಕ್ಕೆ ಸಾಕ್ಷಿ.

ಮಂಡಿಯ ಊಟ

ಗಾಡಿಯ ಮೇಲೆ ಮೂಟೆ ಹೇರಿಕೊಂಡು ಪೇಟೆಗೆ ಬರುತ್ತಿದ್ದ ಬೆಳೆಗಾರನನ್ನು ದಲ್ಲಾಳಿಗಳು ಬರಮಾಡಿಕೊಳ್ಳುತ್ತಿದ್ದ ರೀತಿ ಕನ್ನಡನಾಡಿನ ಮಂಡಿಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಎತ್ತಿಗೆ ಹುಲ್ಲು, ಗಾಡಿಯವನಿಗೆ ಊಟ, ಮಲಗಲು ಜಗುಲಿ. ಯಾವುದಕ್ಕೂ ಕಾಸು ಕೇಳುತ್ತಿರಲಿಲ್ಲ. ಮಳೆಗಾಲದಲ್ಲಿ ಮನೆಯ ಖರ್ಚಿಗೆ, ಮಗಳ ಮದುವೆಗೆ, ಕೇಳಿದಾಗ ಕೈಗಡ. ಕೃತಜ್ಞತೆಯಿಂದ ಮೈ ಬಗ್ಗಿದ ಬೆಳೆಗಾರ ಸುಗ್ಗಿಯಲ್ಲಿ ರಾಶಿ, ಬೆಟ್ಟೆ, ಚಾಲಿ, ಗೋಟು ಎಲ್ಲವನ್ನೂ ಅದೇ ಮಂಡಿಗೆ ತಂದು ಸುರಿಯಬೇಕು. ದರವನ್ನು ಇನ್ನೊಂದು ಕಡೆ ವಿಚಾರಿಸುವ ಸ್ವಾತಂತ್ರ್ಯ ಆ ಒಂದು ಊಟದಲ್ಲೇ ಕರಗಿಹೋಗಿರುತ್ತಿತ್ತು. ಉಂಡ ಅನ್ನದ ಬೆಲೆಯನ್ನು ಯಾರೂ ಹೇಳಲಿಲ್ಲ. ಆದ್ದರಿಂದಲೇ ಅದು ಎಷ್ಟಾದರೂ ಆಗಬಹುದಾಗಿತ್ತು.

ಇನ್ನೊಂದು ವಿಚಿತ್ರ. ಮಾರುವವನು ಕೊಡಬೇಕಾದ ಉಚಿತವನ್ನು ಕೊಳ್ಳುವವನು ಕಿತ್ತುಕೊಳ್ಳುವುದೂ ಇತ್ತು. ‘ನಮೂನೆ’ ಎಂದು ಮೂಟೆಯಿಂದ ತೆಗೆದ ಹಿಡಿ ಮಾಲು ವ್ಯಾಪಾರ ಕುದುರದಿದ್ದರೂ ಹಿಂದಿರುಗುತ್ತಿರಲಿಲ್ಲ. ದಿನಕ್ಕೆ ಹತ್ತು ಜನ ಹಿಡಿ ಹಿಡಿ ತೆಗೆದರೆ ಬೊಗಸೆ ತುಂಬಿತು. ಇಂಡಿಯಾದ ಕೃಷಿಯನ್ನು ಕುರಿತ ರಾಯಲ್ ಕಮಿಷನ್ನು 1928ರ ತನ್ನ ವರದಿಯಲ್ಲಿ, ದೇಶದ ಮಾರುಕಟ್ಟೆಗಳಲ್ಲಿ ರೈತನಿಗೆ ಆಗುತ್ತಿದ್ದ ಇಂಥ ಸೋರಿಕೆಗಳನ್ನು ಎತ್ತಿ ಹೇಳಿತು. ನಮೂನೆಯ ಹೆಸರಿನಲ್ಲಿ ತೆಗೆದದ್ದು, ಧರ್ಮದ ಹೆಸರಿನಲ್ಲಿ ಮುರಿದದ್ದು, ತೂಕದಲ್ಲಿ ಹೋದದ್ದು, ಎಲ್ಲವೂ ಅದರಲ್ಲಿ ಸೇರಿದ್ದವು. ಮುಂಬಯಿ ಪ್ರಾಂತಕ್ಕೆ 1939ರಲ್ಲಿ ಮಾರುಕಟ್ಟೆಯ ಕಾಯಿದೆ ಬಂತು. ಉತ್ತರ ಕನ್ನಡ ಜಿಲ್ಲೆ ಆಗ ಆ ಪ್ರಾಂತದಲ್ಲೇ ಇತ್ತು.

ಕಾಯಿದೆಗಾಗಿ ಕಾಯದೆ ಶಿರಸಿಯ ಬೆಳೆಗಾರರು ಬೇರೊಂದು ದಾರಿ ಹಿಡಿದಿದ್ದರು. 1923ರಲ್ಲಿ ಕಡವೆ ಶ್ರೀಪಾದ ಹೆಗಡೆಯವರ ಮುಂದಾಳುತನದಲ್ಲಿ ಅಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿತು. ಈಗ ಊರ ಬಾಯಲ್ಲಿ ಅದು ಟಿ.ಎಸ್.ಎಸ್. ಸಂಘವೇನೂ ಪುಕ್ಕಟೆಯಾಗಿ ಮಾರಿಕೊಡುವೆನೆಂದು ಹೇಳಲಿಲ್ಲ. ಮಾರಾಟಕ್ಕೆ ಇಷ್ಟು ಕಮಿಷನ್ನು, ಸಾಲಕ್ಕೆ ಇಷ್ಟು ಬಡ್ಡಿ ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯಿತು, ಬರೆದುದನ್ನು ಸದಸ್ಯನಿಗೆ ತೋರಿಸಿತು. ಉಣಬಡಿಸಿ ಬೆಲೆ ಮುಚ್ಚಿಡುವವನ ಎದುರಿಗೆ ಬೆಲೆ ಹೇಳಿ ಸೇವೆ ಮಾಡುವವನು ನಿಂತು ನೂರು ವರ್ಷ ದಾಟಿದ್ದಾನೆ ಎಂಬುದು ಸಣ್ಣ ಸಂಗತಿಯಲ್ಲ.

ಹಾಗಾದರೆ ಉಚಿತವೆಂಬುದೇ ಬಲೆಯೆ? ಹಾಗೆಂದು ತೀರ್ಮಾನಿಸುವುದು ಅವಸರವಾದೀತು. ಶಿರಸಿಯ ಸಂಘ ಹುಟ್ಟಿದ ಎರಡೇ ವರ್ಷಕ್ಕೆ, ದಕ್ಷಿಣದ ಕರಾವಳಿಯಲ್ಲಿ, ಉಚಿತ ಸೇವೆಯಿಂದಲೇ ಬೆಳೆದ ಒಂದು ಸಣ್ಣ ವ್ಯವಹಾರ ಆರಂಭವಾಯಿತು.

ಎರಡಾಣೆಯ ನಡಿಗೆ

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿದರು. ಉಪೇಂದ್ರ ಅನಂತ ಪೈಗಳು ವ್ಯಾಪಾರಸ್ಥರು, ವಾಮನ ಶ್ರೀನಿವಾಸ ಕುಡ್ವರು ಇಂಜಿನಿಯರು, ಡಾಕ್ಟರ್ ಟಿ. ಎಂ. ಎ. ಪೈಗಳು ವೈದ್ಯರು. ಕೈಮಗ್ಗದ ಉದ್ಯಮ ಆಗ ಕುಸಿದಿತ್ತು, ನೇಕಾರರು ಕಂಗಾಲಾಗಿದ್ದರು. ಅವರಿಗೆ ನೆರವಾಗಲು ಊರಿನ ಸಣ್ಣ ಉಳಿತಾಯಗಳನ್ನೇ ಕೂಡಿಹಾಕುವ ಉದ್ದೇಶದಿಂದ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಸ್ಥಾಪನೆಯಾಯಿತು. ಮೊದಲ ಬಂಡವಾಳ ಎಂಟು ಸಾವಿರ ರೂಪಾಯಿ.

ಬ್ಯಾಂಕು ತೆರೆದೊಡನೆ ಮೀನು ಮಾರುವವಳು, ಬೀಡಿ ಕಟ್ಟುವವಳು, ಸಣ್ಣ ಅಂಗಡಿಯವನು ಬಂದು ಹಣ ಕಟ್ಟುತ್ತಾರೆಯೆ? ಅವರನ್ನು ತಡೆಯುತ್ತಿದ್ದುದು ಜಿಪುಣತನವಲ್ಲ. ಬ್ಯಾಂಕಿನ ಮೆಟ್ಟಿಲಿನ ಭಯ ಒಂದು; ಕೈಯಲ್ಲಿರುವುದು ಎರಡಾಣೆ ಎಂಬ ನಾಚಿಕೆ ಇನ್ನೊಂದು; ಎರಡಾಣೆ ಕಟ್ಟಲು ಅರ್ಧ ದಿನದ ದುಡಿಮೆ ಕಳೆದುಕೊಳ್ಳುವ ನಷ್ಟ ಮೂರನೆಯದು. 1928ರಲ್ಲಿ ಬಂದ ‘ಪಿಗ್ಮಿ’ ಠೇವಣಿ ಈ ಮೂರನ್ನೂ ಒಂದೇ ಏಟಿಗೆ ತೆಗೆದುಹಾಕಿತು. ಬ್ಯಾಂಕಿನ ಏಜೆಂಟನೇ ಪ್ರತಿದಿನ ಬಾಗಿಲಿಗೆ ಬರತೊಡಗಿದ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬರೆದುಕೊಂಡು ಹೋಗುವನು. ಬಂದುದಕ್ಕೆ ಗ್ರಾಹಕ ಏನೂ ಕೊಡಬೇಕಾಗಿಲ್ಲ.

ಲೆಕ್ಕ ಹಾಕಿ ನೋಡಿದರೆ ಇದರ ಚಮತ್ಕಾರ ತಿಳಿಯುತ್ತದೆ. ದಿನಕ್ಕೆ ಎರಡಾಣೆಯಂತೆ ಎಂಟು ದಿನಕ್ಕೆ ಒಂದು ರೂಪಾಯಿ. ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಅಷ್ಟು ಹಣವನ್ನು ಒಟ್ಟಿಗೆ ಕಂಡೇ ಇರದವರ ಹೆಸರಿನಲ್ಲಿ ಅದು ಜಮೆಯಾಗಿ ನಿಲ್ಲುತ್ತಿತ್ತು. ಒಬ್ಬಳ ಎರಡಾಣೆ ಬ್ಯಾಂಕಿಗೆ ಏನೂ ಅಲ್ಲ. ಬೀದಿಯೊಂದರ ಎರಡಾಣೆಗಳು ಸೇರಿದರೆ ನೇಕಾರನ ನೂಲಿಗೆ ಸಾಲ.

ಉಡುಪಿಯವರು ಉಚಿತವಾಗಿ ಕೊಟ್ಟದ್ದೇನು? ಹಣವಲ್ಲ, ಪಾತ್ರೆ-ಪಡಗವಲ್ಲ. ನಡಿಗೆ. ಗಿರಾಕಿಯನ್ನು ದೂರ ನಿಲ್ಲಿಸಿದ್ದ ಅಡ್ಡಿ ಯಾವುದೋ ಅದನ್ನೇ ಗುರುತಿಸಿ, ಅದನ್ನು ಮಾತ್ರ ತಮ್ಮ ಖರ್ಚಿನಲ್ಲಿ ತೆಗೆದರು. ಆ ಖರ್ಚಿನ ಲೆಕ್ಕವೂ ಅವರ ಬಳಿ ಇತ್ತು. ಇಂಥ ಠೇವಣಿಗೆ ಬಡ್ಡಿ ಇತರ ಠೇವಣಿಗಿಂತ ಕಡಿಮೆ. ಆ ಅಂತರದಲ್ಲೇ ಏಜೆಂಟನ ಕಮಿಷನ್ನು ಹೊರಡಬೇಕು. ಬೇಕಾದವರು ಹೆಚ್ಚಿನ ಬಡ್ಡಿಗೆ ತಾವೇ ನಡೆದುಹೋಗಬಹುದು, ಬೇಡದವರು ಜಗುಲಿಯ ಮೇಲೆ ಕುಳಿತು ಕಡಿಮೆ ಬಡ್ಡಿ ಪಡೆಯಬಹುದು. ಮಂಡಿಯ ಊಟಕ್ಕೂ ಇದಕ್ಕೂ ಇರುವ ಅಂತರ ಇಲ್ಲಿದೆ.

ಆ ಸಣ್ಣ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕೆಂಬ ಹೆಸರು ಪಡೆದು, 1969ರ ಜುಲೈ 19ರಂದು ರಾಷ್ಟ್ರೀಕೃತವಾಗಿ, 2020ರ ಏಪ್ರಿಲ್ ಒಂದರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಹೆಸರು ಅಳಿದರೂ ಪಿಗ್ಮಿ ಅಳಿಯಲಿಲ್ಲ. ಘಟ್ಟದ ಮೇಲೆ, ಕೆಳಗೆ, ಸಹಕಾರಿ ಸಂಘಗಳ ಪಿಗ್ಮಿಯವರು ಇಂದಿಗೂ ಅಂಗಡಿ ಅಂಗಡಿ ಸುತ್ತುತ್ತಾರೆ. ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮರೆಯುವುದು ನ್ಯಾಯವಲ್ಲ. ಗ್ರಾಹಕನಿಗೆ ಉಚಿತವಾದ ಆ ನಡಿಗೆಯನ್ನು ನಡೆದವರ ಕಾಲಿಗೆ ಕೂಲಿ ಎಷ್ಟು? ಬಿಸಿಲು ಮಳೆಯೆನ್ನದೆ ತಿರುಗಿದ ಏಜೆಂಟರು ತಾವು ಬ್ಯಾಂಕಿನ ಕಾರ್ಮಿಕರೇ ಅಲ್ಲವೆ ಎಂದು ಕೇಳಿದರು. ವ್ಯಾಜ್ಯ ಕೈಗಾರಿಕಾ ನ್ಯಾಯಮಂಡಲಿಯಿಂದ ಮೇಲೇರಿ ಸರ್ವೋಚ್ಚ ನ್ಯಾಯಾಲಯ ಮುಟ್ಟಿತು. ಕಾಯಂ ನೌಕರರ ಸಮಾನರಲ್ಲದಿದ್ದರೂ ಅವರು ಕಾರ್ಮಿಕರು ಹೌದೆಂದು 2001ರಲ್ಲಿ ತೀರ್ಪಾಯಿತು. ಉಚಿತ ಸೇವೆಯ ಖರ್ಚು ಯಾರದೋ ಒಬ್ಬರ ಮೈಮೇಲೆ ಬಿದ್ದೇ ಬೀಳುತ್ತದೆ. ದೊಡ್ಡ ಸಂಸ್ಥೆಯಲ್ಲಿ ಅದು ಏಜೆಂಟನ ಮೇಲೆ, ಒಬ್ಬಂಟಿ ಉದ್ಯೋಗಿಯಲ್ಲಿ ಅವನ ಹೆಂಡತಿ ಮಕ್ಕಳ ಮೇಲೆ.

ದೊಡ್ಡವರ ದಾರಿ

ಮೊದಲು ರುಚಿ ಹತ್ತಿಸಿ ಆಮೇಲೆ ಮಾರುವ ವಿದ್ಯೆಯಲ್ಲಿ ಚಹದವರನ್ನು ಮೀರಿಸಿದವರಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಭಾರತ ಚಹ ಬೆಳೆಯುತ್ತಿತ್ತೇ ಹೊರತು ಕುಡಿಯುತ್ತಿದ್ದುದು ಅಲ್ಪ. 1903ರಲ್ಲಿ ರಫ್ತಾಗುವ ಚಹದ ಮೇಲೆ ಒಂದು ಸಣ್ಣ ಸುಂಕ ಹಾಕಿ, ಆ ಹಣವನ್ನು ಪ್ರಚಾರಕ್ಕೆ ಮೀಸಲಿಟ್ಟರು. ಪೇಟೆಗಳಲ್ಲಿ ಪುಕ್ಕಟೆ ಬಟ್ಟಲು, ರೈಲು ನಿಲ್ದಾಣಗಳಲ್ಲಿ ಚಹ ಕಾಸುವ ಕ್ರಮವನ್ನು ಬರೆದ ಎನಾಮಲ್ ಹಲಗೆಗಳು. ಕಷಾಯದ ಮನೆಗಳಿಗೆ ಚಹ ನುಗ್ಗಿದ್ದು ಹೀಗೆ. ಆದರೆ ಅಲ್ಲಿ ದುಡ್ಡು ಹಾಕಿದ್ದು ಇಡೀ ಒಂದು ಉದ್ಯಮ. ಹತ್ತಿರದ ಕಾಲದಲ್ಲಿ, 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿ ದೂರವಾಣಿ ಸೇವೆ ಆರಂಭಿಸಿ 2017ರ ಮಾರ್ಚ್ ಕೊನೆಯವರೆಗೆ ಉಚಿತವಾಗಿ ನಡೆಸಿತು. ಅಷ್ಟರೊಳಗೆ ಹತ್ತು ಕೋಟಿಗೂ ಮಿಕ್ಕಿ ಗ್ರಾಹಕರು ಬಂದರು. ಏಳು ತಿಂಗಳು ಪುಕ್ಕಟೆ ಕೊಟ್ಟು ಉಸಿರು ಹಿಡಿದಿರಲು ಸಮುದ್ರದಷ್ಟು ಬಂಡವಾಳ ಬೇಕು. ದರ್ಜಿಯೊಬ್ಬ ಏಳು ವಾರ ಹಾಗೆ ಮಾಡಿದರೆ ಹೊಲಿಗೆ ಯಂತ್ರವನ್ನೇ ಮಾರಬೇಕಾದೀತು.

ಸಣ್ಣವನ ಲೆಕ್ಕ ಸಣ್ಣದಾಗಿಯೇ ಇರಬೇಕು. ಬೆಂಗಳೂರಿನ ಕೆಲಸ ಬಿಟ್ಟು ದೊಡ್ಮನೆಯ ಕಡೆಗೆ ಮರಳಿ, ಮನೆಗಳ ಇನ್ವರ್ಟರು, ಪಂಪು, ವೈರಿಂಗು ದುರಸ್ತಿಯ ಕಸುಬು ಹಿಡಿದ ಯುವಕನೊಬ್ಬನನ್ನು ಊಹಿಸಿಕೊಳ್ಳಬಹುದು. ಮೇ ತಿಂಗಳಲ್ಲಿ, ಗುಡುಗು ಮಳೆಗೆ ಮೊದಲು, ನಲವತ್ತು ಮನೆಗಳ ಇನ್ವರ್ಟರನ್ನು ಉಚಿತವಾಗಿ ಪರೀಕ್ಷಿಸುವೆನೆಂದು ಹೊರಡುತ್ತಾನೆ. ಗುಡ್ಡದ ದಾರಿಯಲ್ಲಿ ದಿನಕ್ಕೆ ಐದು ಮನೆಯಾದರೆ ಎಂಟು ದಿನ. ದಿನದ ಪೆಟ್ರೋಲು 150 ರೂಪಾಯಿ, ಬಿಟ್ಟ ಕೂಲಿ 800 ರೂಪಾಯಿ ಎಂದಿಟ್ಟರೆ ಒಟ್ಟು 7,600, ಮನೆಯೊಂದಕ್ಕೆ 190. ನಲವತ್ತರಲ್ಲಿ ಹತ್ತು ಮನೆಯವರು ಗಿರಾಕಿಗಳಾದರೆ ಒಬ್ಬೊಬ್ಬ ಗಿರಾಕಿಗೆ ಬಿದ್ದ ಬೆಲೆ 760 ರೂಪಾಯಿ. ವರ್ಷಕ್ಕೆರಡು ಸಲ ಕರೆಸಿ, ಸಲಕ್ಕೆ 400ರಂತೆ ಕೊಟ್ಟರೆ ಆ ಹತ್ತು ಮನೆಯಿಂದ ಬರುವುದು 8,000. ಮೊದಲ ವರ್ಷ ಅವನ ಬೆವರಿಗೆ ಏನೂ ಉಳಿಯಲಿಲ್ಲ. ಎರಡನೆಯ ವರ್ಷವೂ ಅವರೇ ಕರೆಸಿದರೆ ಮಾತ್ರ ಇದು ಉದ್ಯೋಗ. ಇಲ್ಲವಾದರೆ ಎಂಟು ದಿನದ ತಿರುಗಾಟ. ಇಷ್ಟನ್ನು ಕಾಗದದ ಮೇಲೆ ಬರೆಯದೆ ಉಚಿತದ ಬೋರ್ಡು ಬರೆಸುವವರೇ ಹೆಚ್ಚು.

ಲೆಕ್ಕಕ್ಕಿಂತ ಕಠಿಣವಾದುದು ನಾಲಗೆ. ಪರೀಕ್ಷೆ ಮುಗಿಸಿ ಕಷಾಯ ಕುಡಿದು ಏಳುವಾಗ ಮನೆಯಾಕೆ, ‘ತಮಾ, ಎಷ್ಟಾತು?’ ಎನ್ನುತ್ತಾಳೆ. ‘ಇವತ್ತಿನದು ಇಲ್ಲ, ಮುಂದೆ ಕರೆದರೆ ನಾನೂರು’ ಎನ್ನಬೇಕು. ಹುಡುಗನ ಬಾಯಿಂದ ಹೊರಡುವುದು, ‘ಇರ್ಲಿ ಬಿಡಿ.’ ಈ ಎರಡು ಮಾತಿನಲ್ಲಿ ಮುಳುಗಿದ ಸಣ್ಣ ವ್ಯವಹಾರಗಳು ಮಲೆನಾಡಿನಲ್ಲಿ ಎಷ್ಟೋ! ಮನೆಯಾಕೆ ಜಿಪುಣಳಲ್ಲ, ಅವಳು ಕೇಳಿದ್ದು ಮರ್ಯಾದೆಯಿಂದಲೇ. ಬೆಲೆ ಹೇಳದ ಮೇಲೆ ಅದು ಕಸುಬಾಗಿ ಉಳಿಯದೆ ಉಪಕಾರವಾಯಿತು. ಉಪಕಾರಕ್ಕೆ ಆಕೆ ಒಂದು ಬಾಳೆಗೊನೆ ಕಟ್ಟಿಕೊಡುತ್ತಾಳೆ. ಮುಂದೆ ಅವನು ನಾನೂರು ಕೇಳಿದರೆ ‘ನಮ್ಮ ಹುಡುಗನೇ ಹೀಗೆ ಮಾಡಿದ’ ಎಂಬ ನೋವು. ಕೇಳದಿದ್ದರೆ ಅವನ ಮನೆಯಲ್ಲಿ ಒಲೆ ಉರಿಯದು. ಸಂಕೋಚದಿಂದ ಆಕೆ ಪೇಟೆಯ ಅಪರಿಚಿತನನ್ನು ಕರೆಸುವುದೂ ಉಂಟು, ಅವನಿಗಾದರೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳಬಹುದಲ್ಲ!

ಇದಕ್ಕೆ ಒಂದು ಚೀಟಿ ಸಾಕಾಗುತ್ತದೆ. ಬ್ಯಾಟರಿಯ ಸ್ಥಿತಿ ಏನು, ನೀರು ತುಂಬುವುದು ಯಾವಾಗ, ದುರಸ್ತಿಯಾದರೆ ಖರ್ಚೆಷ್ಟು, ಮುಂದಿನ ಭೇಟಿಯ ದರವೆಷ್ಟು ಎಂದು ನಾಲ್ಕು ಸಾಲು; ಕೆಳಗೆ ದೂರವಾಣಿಯ ಸಂಖ್ಯೆ. ನಾಲಗೆಗೆ ಆಡಲಾಗದ್ದನ್ನು ಚೀಟಿ ಆಡುತ್ತದೆ. ಅದನ್ನು ಕೈಗೆ ಕೊಟ್ಟರೆ ಪಂಚಾಂಗದ ಎಡೆಯಲ್ಲಿ ಸೇರಿ ಮಾಯವಾದೀತು. ಇನ್ವರ್ಟರಿನ ಮೈಗೇ ಅಂಟಿಸಬೇಕು. ಜೂನ್ ತಿಂಗಳ ಮಳೆಯಲ್ಲಿ ಮರ ಬಿದ್ದು ತಂತಿ ಹರಿದು, ಮೂರನೆಯ ದಿನವೂ ಕರೆಂಟು ಬಾರದೆ, ಮನೆಯವರು ಟಾರ್ಚು ಹಿಡಿದು ಆ ಮೂಲೆಗೆ ಹೋಗಿ ಬಗ್ಗಿದಾಗ ಬೆಳಕು ಮೊದಲು ಬೀಳುವುದು ಅದರ ಮೇಲೆ.